ನಲ್ಲಿಯಮ್ಮನ ಮಕ್ಕಳು

ಊರಿನವರೆಲ್ಲ ಅವಳನ್ನು ನಲ್ಲಿಯಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ, ಎದುರಿಗೇ ಬಾಯ್ತುಂಬ ಕರೆಯುವ ಹೆಸರು. ಪ್ಲಂಬರ್ ಆಗಿದ್ದ ಗಂಡ ಇದ್ದಕ್ಕಿದ್ದಂತೆ ತೀರಿಕೊಂಡಾಗ ಅವಳು ಯಾರ ಮುಂದೆಯೂ ಕೈಚಾಚಲಿಲ್ಲ. ಗಂಡನ ಚೀಲ ಹೆಗಲಿಗೇರಿಸಿ, ನಲ್ಲಿ ಸೋರುವ ಮನೆಗಳ ಬಾಗಿಲು ತಟ್ಟಿದಳು. ಹೆಂಗಸು ಬಂದಳಲ್ಲ ಎಂದು ಮೊದಲು ಮೂಗು ಮುರಿದವರೇ ಆಮೇಲೆ ಅವಳೇ ಬರಲಿ ಎಂದು ಪಟ್ಟು ಹಿಡಿದರು. ಮಗ, ಮಗಳು ಕೆಲಸಕ್ಕೆ ಕೈಹಚ್ಚಿದ ಮೇಲೆ ಬೀದಿ ತಿರುವಿನಲ್ಲಿ ಅಂಗಡಿ ತೆರೆದಳು. ಪೈಪು, ಎಲ್ಬೋ, ವಾಷರುಗಳ ನಡುವೆ ಫೋನಿನ ಪಕ್ಕ ಕೂತು ಇಡೀ ಊರಿನ ನೀರು ನೋಡಿಕೊಂಡಳು.

ನೀರು ಬರುತ್ತಿಲ್ಲ ಎಂದು ಯಾರೇ ಫೋನ್ ಮಾಡಲಿ, ಅವಳು ಮೊದಲು ಕೇಳುತ್ತಿದ್ದದ್ದು, "ಕುಡಿಯೋಕಾದ್ರೂ ಇದೆಯಾ ಮನೇಲಿ?" ಇಲ್ಲ ಎಂದರೆ, ರಿಪೇರಿ ಸಾಮಾನಿಗಿಂತ ಮೊದಲು ತುಂಬಿದ ಕೊಡ ಹೊರಡಬೇಕು. ಹೊರುವವನು ಮಗ.

ಅವಳು ತೀರಿಹೋಗಿ ಕೆಲವು ತಿಂಗಳಾಗಿತ್ತು. ಮಗನ ಮೀಸೆಯೂ ಈಗ ನರೆತಿತ್ತು. ಅವಳ ಬಾಯಲ್ಲಿ ಮಾತ್ರ ಕೊನೆಯವರೆಗೂ 'ದೊಡ್ಡೋನು'. ಅವನು ಅತ್ತಿರಲಿಲ್ಲ. ಯಾರಾದರೂ ಅಮ್ಮನ ಮಾತು ಎತ್ತಿದರೆ ಅವನು ಚೀಲ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಹೆಂಡತಿ ಆ ಮಾತು ಎತ್ತುವುದನ್ನೇ ಬಿಟ್ಟಳು. ಅಂಗಡಿಯಲ್ಲಿ ಫೋನ್ ನೋಡಿಕೊಳ್ಳುವ ತಂಗಿಯೂ ಬಿಟ್ಟಳು.

ಅವನ ಹೊಟ್ಟೆಯೊಳಗೊಂದು ಹಳೆಯ ಮುನಿಸಿತ್ತು. ಊರಿಗೆಲ್ಲ ಅಮ್ಮನಾದವಳು ತನಗೆ ಮಾತ್ರ ಮೇಸ್ತ್ರಿಯಾಗಿದ್ದಳು ಎಂಬುದು. "ದೊಡ್ಡೋನೇ, ಇನ್ನೊಂದು ಸುತ್ತು ಬಿಗಿ ಮಾಡು." "ದೊಡ್ಡೋನೇ, ನೆಲ ಒರೆಸಿ ಬಂದ್ಯಾ, ಹಾಗೇ ಬಂದ್ಯಾ?" ಅವಳು ತನ್ನ ಹತ್ತಿರ ಕೂತು ಬೇರೆ ಏನಾದರೂ ಮಾತಾಡಿದ್ದು ನೆನಪಿಗೆ ಬರಲಿ ಎಂದು ತಿಣುಕಾಡಿದರೂ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹೊಲಿಗೆಯಕ್ಕನ ಮನೆಯಿಂದ ಕರೆ ಬಂತು. ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿದೆಯಂತೆ. ಅವನು ಹೋಗಿ ಕೆಳಗಿನ ಪೈಪು ಬಿಚ್ಚಿ, ಎಳೆದೆಳೆದು ಅಂಗೈಯಗಲ ಬಟ್ಟೆ ಚೂರು ತೆಗೆದ.

"ಅಕ್ಕಾ, ಸಿಂಕಿಗೂ ರವಿಕೆ ಹೊಲೀತಿದ್ದೀರಾ?"

ಹೊಲಿಗೆಯಕ್ಕ ನಕ್ಕಳು. ನಗುತ್ತಲೇ ಕಣ್ಣು ಒದ್ದೆ ಮಾಡಿಕೊಂಡಳು. "ನಿಮ್ಮಮ್ಮನೂ ಹೀಗೇ ಅನ್ನೋರು ಕಣಪ್ಪ. ಅವರಿಲ್ದೇ ಹೋಗಿದ್ರೆ ನನ್ನ ಮಗಳನ್ನ ಹೇಗೆ ಸಾಕ್ತಿದ್ನೋ. ಹಸುಗೂಸು ಕೈಲಿ, ನೀರಿನ ಮೋಟರ್ ಸುಟ್ಟುಹೋಗಿತ್ತು. ಹೊಸದು ಬರೋವರೆಗೆ ಇರಲಿ ಅಂತ ತಮ್ಮ ಮನೆ ಮೋಟರನ್ನೇ ಬಿಚ್ಚಿ ತಂದು ಹಾಕಿದ್ರು."

ಅವನ ಕೈ ನಿಂತಿತು. ಆ ದಿನಗಳು ಅವನಿಗೂ ಗೊತ್ತು, ಆದರೆ ಬೇರೆ ಕಡೆಯಿಂದ. ಮೀಸೆ ಮೂಡುವ ವಯಸ್ಸಿನಲ್ಲಿ ಬೀದಿ ಕೊನೆಯ ಬಾವಿಯಿಂದ ಕೊಡ ಹೊತ್ತು ಹೊತ್ತು ಹೆಗಲು ಬಾತು, ಅಮ್ಮನ ಮೇಲೆ ಮುಖ ಊದಿಸಿಕೊಂಡು ಓಡಾಡಿದ ದಿನಗಳು ಅವು.

"ಹೌದೂ, ಆವಾಗ ನಿಮ್ಮನೇಲಿ ನೀರಿಗೆ ಏನು ಮಾಡಿದ್ರಿ?" ಎಂದು ಅವಳು ಕೇಳಿದಳು.

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ಹೇಳಲೆಂದು ಅವನು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದ. ಬಾಯಿಗೆ ಬಂದದ್ದು ಇಷ್ಟೇ: "ಹೇಗೋ ಆಯ್ತು ಬಿಡಿ ಅಕ್ಕ." ಅವಳು ಅಮ್ಮನ ಇನ್ನಷ್ಟು ಸುದ್ದಿ ಹೇಳುತ್ತಾ ಹೋದಳು. ಕೆಲಸ ಮುಗಿದಿದ್ದರೂ ಅವನು ಚೀಲ ಎತ್ತಲಿಲ್ಲ. ಗಟ್ಟಿಯಾಗಿಯೇ ಇದ್ದ ಜಾಯಿಂಟನ್ನು ಬಿಚ್ಚಿ, ಮತ್ತೆ ಹಾಕಿ, ಕಿವಿಯಾಗಿ ಕೂತ.

ಅಲ್ಲಿಂದ ಶುರುವಾಯಿತು ಅವನ ತಿರುಗಾಟ. ಬೇಕರಿಯವನ ಮನೆಗೆ "ಹಾಗೇ ಟ್ಯಾಂಕ್ ನೋಡಿ ಹೋಗೋಣ ಅಂತ" ಹೋದ. ಪೋಸ್ಟ್‌ಮ್ಯಾನ್ ಮನೆಯ ನಲ್ಲಿ ಸೋರುತ್ತಿರಲಿಲ್ಲ, ಆದರೂ ವಾಷರ್ ಬದಲಾಯಿಸಿದ. ಎಲ್ಲ ಕಡೆಯೂ ಒಂದಿಷ್ಟು ಅಮ್ಮ ಸಿಕ್ಕಳು. ಬೇಕರಿಯವನಿಗೆ ಅಮ್ಮನ ಹತ್ತಿರ ಜಗಳವಾಡಿ ಬೈಗುಳ ತಿಂದದ್ದು ನೆನಪಿತ್ತು. ಪೋಸ್ಟ್‌ಮ್ಯಾನ್ ಹೆಂಡತಿಗೆ ಅಮ್ಮ ಹಾಡುತ್ತಿದ್ದದ್ದು ನೆನಪಿತ್ತು. ಅಮ್ಮ ಹಾಡುತ್ತಿದ್ದಳೇ? ಅವನು ಒಂದು ದಿನವೂ ಕೇಳಿರಲಿಲ್ಲ. ಪ್ರತಿ ಮನೆಯಿಂದಲೂ ಅರ್ಧ ಹೊಟ್ಟೆ ತುಂಬಿ, ಅರ್ಧ ಹೊಟ್ಟೆ ಉರಿದು ಹೊರಗೆ ಬರುತ್ತಿದ್ದ.

ತಂಗಿಗೆ ಗೊತ್ತಾಗದೇ ಇರುತ್ತದೆಯೇ?

"ಅಣ್ಣಾ, ಪೋಸ್ಟ್‌ಮ್ಯಾನ್ ಮನೆಯೋರು ಫೋನ್ ಮಾಡಿದ್ರು."

"ಏನಂತೆ?"

"ಚೆನ್ನಾಗಿದ್ದ ನಲ್ಲಿ ನೀನು ಮುಟ್ಟಿ ಬಂದ ಮೇಲೆ ಸೋರ್ತಿದೆಯಂತೆ."

ಅವನು ತಲೆ ಕೆರೆದುಕೊಂಡ. ತಂಗಿ ನಗು ತಡೆದುಕೊಳ್ಳಲು ಹೋಗಿ, ತಡೆಯಲಾಗದೆ ನಕ್ಕಳು, ಆ ನಗು ಅಳುವಾಗಿ ತಿರುಗಿತು. "ಫೋನ್ ಮಾಡಿದವರೆಲ್ಲ ಅಮ್ಮನ್ನೇ ಕೇಳ್ತಾರೆ. ಇಲ್ಲ ಅಂದ್ರೆ ಒಂದೊಂದು ಸುದ್ದಿ ಹೇಳ್ತಾರೆ. ಯಾರ ಹತ್ರ ಹೇಳ್ಕೊಳ್ಳಲಿ ನಾನು? ನೀನು ನೋಡಿದ್ರೆ ಅವಳ ಹೆಸರು ಬಂದ ತಕ್ಷಣ ಎದ್ದು ಹೋಗ್ತೀಯ. ಊರವರ ಮನೇಲಿ ಕೂತು ಕೇಳ್ತೀಯ, ನನ್ನ ಹತ್ರ ಕೂರಲ್ಲ."

ಅವನು ಅಮ್ಮನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ವಾಷರ್ ತುಂಬಿದ ದೊಡ್ಡ ಡಬ್ಬದ ಮೇಲೆ ಕೂತ. "ಹೇಳು," ಎಂದ.

ಅವಳು ಹೇಳಿದಳು, ಅವನೂ ಹೇಳಿದ. ಬಾತ ಹೆಗಲಿನ ಸುದ್ದಿಯನ್ನೂ ಮೊದಲ ಸಲ ಬಾಯಿಬಿಟ್ಟ. "ಅಮ್ಮ ನಿಂಗೆ ಎಣ್ಣೆ ಹಚ್ಚಿದ್ದು ಗೊತ್ತಿಲ್ವಾ?" ಎಂದಳು ತಂಗಿ. "ನೀನು ನಿದ್ದೆ ಹೋದ ಮೇಲೆ. ಎಚ್ಚರ ಇದ್ದಾಗ ಹಚ್ಚೋಕೆ ಬಂದ್ರೆ ಬೈತೀಯ ಅಂತ." ಅವನಿಗೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಇಬ್ಬರೂ ಅಂಗಡಿಯ ಷಟರ್ ಎಳೆದು ಹೊಲಿಗೆಯಕ್ಕನ ಮನೆಗೆ ಹೋದರು. ಈ ಸಲ ಚೀಲ ಒಯ್ಯಲಿಲ್ಲ. ಅವಳು ಮಷೀನಿನಿಂದ ಎದ್ದು ಬಂದು ಟೀ ಕೊಟ್ಟಳು. ಇಬ್ಬರ ಮುಖವನ್ನೂ ನೋಡಿದಳು.

"ಕೇಳಬಾರದು, ಆದ್ರೂ ಕೇಳ್ತೀನಿ. ನಿಮ್ಮಮ್ಮ ಮನೇಲಿ ಯಾವತ್ತಾದ್ರೂ ಹಗಲು ಮಲಗಿದ್ದು ನೋಡಿದ್ದೀರಾ?"

ಇಬ್ಬರೂ ಇಲ್ಲ ಎಂದು ತಲೆಯಾಡಿಸಿದರು. ನಿದ್ದೆ ಎನ್ನುವುದು ಅಮ್ಮನಿಗೆ ಗೊತ್ತೇ ಇಲ್ಲವೆಂದು ಅವರು ತಿಳಿದಿದ್ದರು. ಅವರು ಏಳುವಾಗ ಅವಳು ಎದ್ದಿರುತ್ತಿದ್ದಳು, ಮಲಗುವಾಗಲೂ ಎದ್ದೇ ಇರುತ್ತಿದ್ದಳು.

"ಇಲ್ಲಿ ಬಂದು ಮಲಗೋರು. ಕೆಲಸಕ್ಕೆ ಹೊರಟೆ ಅಂತ ನಿಮಗೆ ಹೇಳಿ ಬಂದು, ಆ ಕೋಣೇಲಿ, ಬಟ್ಟೆ ಚೂರಿನ ಗಂಟಿನ ಮೇಲೆ. ಮನೇಲೇ ಮಲಗಬಾರದಾ ಅಂದ್ರೆ, 'ಅವರಪ್ಪ ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲೇ ಇಲ್ಲ. ನಾನು ಹಗಲು ಕಣ್ಣು ಮುಚ್ಚಿದ್ರೆ ದೊಡ್ಡೋನು ಬಂದು ಮೂಗಿನ ಹತ್ರ ಬೆರಳಿಟ್ಟು ನೋಡ್ತಾನೆ. ಅದನ್ನ ನಾನು ಸಹಿಸಲಾರೆ' ಅನ್ನೋರು."

ಅವನು ಟೀ ಲೋಟ ಕೆಳಗಿಟ್ಟ. ಬೆರಳಿಟ್ಟು ನೋಡಿದ್ದು ನಿಜ. ಅಪ್ಪ ಹೋದ ಹೊಸದರಲ್ಲಿ, ಒಂದೆರಡು ಸಲ; ಅದು ಅವನಿಗೆ ಈಗಷ್ಟೇ ನೆನಪಾಯಿತು. ಅವಳು ನಿದ್ದೆಯಲ್ಲಿದ್ದಾಳೆ, ಗೊತ್ತಾಗಿಲ್ಲ ಎಂದುಕೊಂಡಿದ್ದ.

ತಂಗಿ ಎದ್ದು ಆ ಕೋಣೆಗೆ ಹೋದಳು. ಅವನೂ ಹಿಂದೆ ಹೋದ. ಸಣ್ಣ ಕಿಟಕಿ, ಗೋಡೆಗೆ ಒತ್ತಿ ಇಟ್ಟ ಬಣ್ಣಬಣ್ಣದ ಚೂರುಗಳ ದೊಡ್ಡ ಗಂಟು. ತಂಗಿ ಅದರ ಮೇಲೆ ಕೂತಳು, ಮೆಲ್ಲಗೆ ಒರಗಿದಳು, ಮುಖವನ್ನು ಬಟ್ಟೆಯೊಳಗೆ ಹುದುಗಿಸಿದಳು. ಅವನು ಅವಳ ಕಾಲ ಬಳಿ ನೆಲದ ಮೇಲೆ ಕೂತ. ಇಷ್ಟು ತಿಂಗಳು ಎಲ್ಲಿ ಕಟ್ಟಿಕೊಂಡಿತ್ತೋ, ಈಗ ಅವನನ್ನು ಕೇಳದೆಯೇ ಕಣ್ಣಲ್ಲಿ ಹರಿಯಿತು. ಒಂದೇ ಒಂದು ಮಧ್ಯಾಹ್ನ, ತನ್ನ ಕಣ್ಣೆದುರಿಗೆ, ಅಮ್ಮ ನಿಶ್ಚಿಂತೆಯಾಗಿ ಮಲಗಿದ್ದನ್ನು ನೋಡಿದ್ದಿದ್ದರೆ ಸಾಕಿತ್ತು ಎನಿಸಿತು.

ಬಾಗಿಲಲ್ಲಿ ನಿಂತಿದ್ದ ಹೊಲಿಗೆಯಕ್ಕ, "ಮಷೀನ್ ಸದ್ದು ಇದ್ರೇನೇ ಅವರಿಗೆ ನಿದ್ದೆ," ಎಂದಳು.

ಮಗ ತಲೆ ಎತ್ತಲಿಲ್ಲ. "ಹೊಲೀರಿ ಅಕ್ಕ," ಎಂದ. "ನಾವು ಸ್ವಲ್ಪ ಹೊತ್ತು ಇರ್ತೀವಿ."

ಅವಳು ಹೋಗಿ ಮಷೀನಿನ ಮುಂದೆ ಕೂತು ಕಾಲು ಆಡಿಸಿದಳು.