ಸಿಂಧನೂರಿನ ಮೇಲಿಟ್ಟ ರಬ್ಬರು

ರಬ್ಬರನ್ನು ಸಿಂಧನೂರಿನ ಮೇಲೆಯೇ ಯಾಕಿಟ್ಟ, ಸುರುಳಿ ಸುತ್ತಿ ತಂದ ನಕ್ಷೆಯ ದೊಡ್ಡ ಹಾಳೆ, ಬಿಚ್ಚಿದರೆ ಮತ್ತೆ ತಾನೇ ಸುತ್ತಿಕೊಳ್ಳುತ್ತದೆ, ಮೂಲೆಗೊಂದು ಭಾರ ಬೇಕು, ಅದು ಖರೆ, ಲಿಂಗಸುಗೂರಿನ ಮೂಲೆಗೆ ನನ್ನ ಅಲಮಾರಿಯ ಬೀಗ ಇಟ್ಟ, ಮಸ್ಕಿಯ ಮೂಲೆಗೆ ನಾನು ತರಿಸಿಕೊಟ್ಟ ಚಹಾದ ಗ್ಲಾಸು ಇಟ್ಟ, ಒಂದು ಗುಟುಕೂ ಕುಡಿಯದೆ, ಸಿಂಧನೂರಿಗೆ ಮಾತ್ರ ರಬ್ಬರು — ಬಿಳಿ ರಬ್ಬರು, ಒಂದು ತುದಿ ತಿಕ್ಕಿ ತಿಕ್ಕಿ ಕಪ್ಪಾಗಿ ಸವೆದದ್ದು, ಯಾವ ಯಾವ ಊರು ಅಳಿಸಿ ಬಂದಿದೆಯೋ. ರಬ್ಬರಿಗೆ ಎಷ್ಟು ಭಾರ, ಫ್ಯಾನು ತಿರುಗಿದರೆ ಹಾಳೆಯ ಜೊತೆ ತಾನೂ ಹಾರುತ್ತದೆ, ಕರೆಂಟು ಇಲ್ಲವೆಂದು ಕೂತಿದೆ. ಇವನ ಹೆಸರು ವೆಂಕೋಬ, ವಿಶ್ವವಿದ್ಯಾಲಯದಿಂದ ಬಂದವನು, ಇವನಿಗಿಂತ ಮುಂಚೆ ಬಂದ ಆರ್ಡರಿನಲ್ಲಿ ಇವನ ಹುದ್ದೆ ಆರ್ಕಿಟೆಕ್ಟ್ ಎಂದಿತ್ತು, ಲಿಂಗಸುಗೂರಿನ ಹಂಪಣ್ಣ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ನಕ್ಕಿದ್ದ, ಬಾಡಿಗಿ ಖೋಲಿಗೆ ಆರ್ಕಿಟೆಕ್ಟ್ ಯಾಕವಾ ತಂಗಿ, ಗ್ವಾಡಿ ಕೆಡವತಾನೇನು. ಗೋಡೆಯಲ್ಲ, ಕೆಲಸದ ನಕ್ಷೆ ತೆಗೆಯುತ್ತಾನಂತೆ, ಇಡೀ ವಿಶ್ವವಿದ್ಯಾಲಯದಲ್ಲಿ ಯಾರು ಏನು ಮಾಡುತ್ತಾರೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲ ಚೌಕ ಬರೆದು ಬಾಣ ಹಾಕಿ, ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದು ಮಾಡುತ್ತಾನಂತೆ. ಒಂದು ಮಾಡುವುದು ಅಂದರೇನು, ಮೂರರಲ್ಲಿ ಒಂದು ಉಳಿಯುವುದೇ ತಾನೇ. ನಮ್ಮವು ಅಂಚೆಯ ಮೂಲಕ ಬಿ.ಎ. ಓದುವವರ ಕೇಂದ್ರಗಳು, ಸಿಂಧನೂರಿಗೊಂದು, ಲಿಂಗಸುಗೂರಿಗೊಂದು, ನಡುವೆ ಮಸ್ಕಿಗೊಂದು, ಒಂದೊಂದಕ್ಕೆ ಒಬ್ಬೊಬ್ಬರೇ ಕ್ಲಾರ್ಕು, ಅಲ್ಲಿ ಹಂಪಣ್ಣ, ಮಸ್ಕಿಯಲ್ಲಿ ಮಕ್ತುಂಬೀ, ಇಲ್ಲಿ ನಾನು.

ಶೇಖರಮ್ಮನವರ, ಅರ್ಜಿ ಯಾರು ತಗೋತಾರ, ಎಂದು ಕೇಳುತ್ತಾನೆ, ನಾನ ರೀ, ಸರ್ಟಿಫಿಕೇಟು ತಾಳೆ ನೋಡೋರು, ಅದೂ ನಾನ, ಪಾಠದ ಪುಸ್ತಕ ಹಂಚೋದು, ಹುಡುಗ್ರು ಬರದ ಉತ್ತರದ ಕಟ್ಟು ಜೋಡಸೋದು, ಎಲ್ಲಾ ನಾನ ರೀ, ಯಾರ್ನೂ ಕೇಳಂಗಿಲ್ಲ — ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು, ಅವನು ಪೆನ್ಸಿಲು ನಿಲ್ಲಿಸಿ ಕಿಟಕಿಯ ಕಡೆ ನೋಡಿದ, ಯಾಕೆ ನೋಡಿದ, ಕಿಟಕಿಯಾಚೆ ಏನಿದೆ, ಓಣಿ ಇದೆ, ಓಣಿಯಾಚೆ ಹೈಸ್ಕೂಲಿನ ಪಡಸಾಲೆ ಇದೆ, ಪಡಸಾಲೆಯ ಕಂಬಕ್ಕೆ ಒರಗಿ ಬಿಡುವಿನಲ್ಲಿ ಆದಮ್ಮ ನಿಲ್ಲುತ್ತಾಳೆ, ನನ್ನ ಮಗಳು, ಎಡಗಾಲಿಗೆ ಕಬ್ಬಿಣದ ಪಟ್ಟಿ, ಮೂರು ವರ್ಷದವಳಿದ್ದಾಗ ಪೋಲಿಯೊ ಬಡಿದ ಕಾಲು. ಗಂಟೆ ಹೊಡೆದರೆ ನಾನು ಪೆನ್ನು ಇಟ್ಟು ಓಡಬೇಕು, ಶಾಲೆಯ ಹಿಂದಿನ ಪಾಯಖಾನೆಗೆ ಮೆಟ್ಟಿಲು, ಯಾರಾದರೂ ಹಿಡಿದೇ ಇಳಿಸಬೇಕು, ಬೇರೆಯವರ ಕೈ ಹಿಡಿಯುವುದಿಲ್ಲ ಈ ಹುಡುಗಿ, ಹಿಂದೊಮ್ಮೆ ನಾನು ತಡ ಮಾಡಿದ್ದಕ್ಕೆ ಸಂಜೆ ತನಕ ತಡೆದುಕೊಂಡು ಕೂತು ಜ್ವರ ಬಂದು ಮಲಗಿದ್ದಳು. ಜವಳಗೇರಾದಿಂದ ಬಸ್ಸಿನಲ್ಲಿ ಕೂತು ಬರುತ್ತೇವೆ, ಕಂಡಕ್ಟರ್ ಖಾದರಬಾಷಾ ಎತ್ತಿ ಹತ್ತಿಸುತ್ತಾನೆ, ಇವಳಪ್ಪ ಭತ್ತದ ಗದ್ದೆಯ ನೀರು ಬಿಟ್ಟು ಬರುವಂತಿಲ್ಲ, ಕೇಂದ್ರ ಮುಚ್ಚಿದರೆ ಕ್ಲಾರ್ಕನ್ನು ವಿಶ್ವವಿದ್ಯಾಲಯಕ್ಕೇ ಕರೆಸಿಕೊಳ್ಳುತ್ತಾರೆ, ರಾತ್ರಿ ಬಸ್ಸಿನ ದೂರ, ಆ ಮೆಟ್ಟಿಲಿಗೆ ಆಮೇಲೆ ಯಾರು. ಅವನಿಗೆ ಇದೆಲ್ಲ ಗೊತ್ತೇ, ಗೊತ್ತಿದ್ದೇ ನೋಡಿದನೇ. ಬೆಳಿಗ್ಗೆ ಬರುವಾಗ ಓಣಿಯಲ್ಲಿ ಅವಳನ್ನು ಮಾತಾಡಿಸಿದ್ದನಂತೆ, ನಿಮ್ಮವ್ವ ಏನು ಕೆಲಸ ಮಾಡ್ತಾಳವಾ ಎಂದನಂತೆ, ಈಕೆ ಸುಮ್ಮನಿರುವ ಪೈಕಿಯೇ, ಮೊದಲ ಬಿಡುವಿನಲ್ಲಿ ಪಟ್ಟಿ ಬಿಗಿಯುವಾಗ ನನಗೇ ಹೇಳಿ ನಕ್ಕಳು, ಕಟ್ಟು ಕಟ್ಟತಾಳ್ರಿ, ಬಸ್ಸಿಗೆ ಕೊಡತಾಳ್ರಿ ಅಂದೆ, ಮತ್ತೇನ್ ಮಾಡತಿ ಬೇ ನೀ.

ಬಸ್ಸಿಗೆ. ಅದೇ ಹೇಳಬಾರದ್ದು. ರೂಲಿನ ಪ್ರಕಾರ ಪ್ರತಿ ಕೇಂದ್ರವೂ ತನ್ನ ಕೆಲಸವೆಲ್ಲ ತಾನೇ ಮಾಡಬೇಕು, ಒಬ್ಬರ ಕೈಯಲ್ಲಿ ಆಗುತ್ತದೆಯೇ, ಆದ್ದರಿಂದ ನಾವು ಮೂವರು ಮೊದಲಿನಿಂದಲೂ ಹಂಚಿಕೊಂಡಿದ್ದೇವೆ, ಅರ್ಜಿಯೆಲ್ಲ ನನ್ನದು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹುಡುಗರು, ಕಾಲುವೆ ಕಡೆಯ ಹುಡುಗಿಯರು ಬಂದು ಬರೆಸಿಕೊಂಡು ಹೋಗುತ್ತಾರೆ, ಆ ಕಟ್ಟು ಬಸ್ಸಿನಲ್ಲಿ ಲಿಂಗಸುಗೂರಿಗೆ, ಉಪವಿಭಾಗದ ಕಚೇರಿ ಅಲ್ಲಿದೆ, ಸರ್ಟಿಫಿಕೇಟಿನ ತನಿಖೆ ಹಂಪಣ್ಣನದು, ಮಸ್ಕಿ ನಡುವೆ ಇರುವುದರಿಂದ ಪುಸ್ತಕದ ಪಾರ್ಸೆಲ್ಲು, ಉತ್ತರದ ಕಟ್ಟು ಎಲ್ಲ ಮಕ್ತುಂಬೀಯ ಹತ್ತಿರ, ಅದೂ ಕೇಂದ್ರದ ಸೂರು ಸೋರುತ್ತದೆಂದು ಅವಳ ಮನೆಯ ಜೋಳ ತುಂಬಿಡುವ ಗುಮ್ಮಿಯ ಪಕ್ಕ. ತಪ್ಪಿದ್ದು ಏನೂ ಇಲ್ಲ, ಒಂದು ಕಾಗದ ಕಳೆದಿಲ್ಲ, ಆದರೂ ರೂಲಿಲ್ಲ. ಅದಕ್ಕೇ ಹೋದ ಭಾನುವಾರ ಮಸ್ಕಿಯಲ್ಲಿ ಮಕ್ತುಂಬೀಯ ಅಂಗಳದಲ್ಲಿ ಕೂತದ್ದು, ಆದಮ್ಮನನ್ನು ಹೊರಸಿನ ಮೇಲೆ ಕೂಡಿಸಿ ನಾನು ಶೇಂಗಾ ಸುಲಿಯುತ್ತಿದ್ದೆ, ಹಂಪಣ್ಣ ಟವೆಲ್ಲು ಕೊಡವಿ ಹೇಳಿದ, ಅವ ಏನ್ ಕೇಳಿದ್ರೂ ಎಲ್ಲಾ ನಾವ ಮಾಡತೀವಿ ಅನ್ರಿ, ಒಂದ ಕೆಲಸ ಬ್ಯಾರೆಯವ್ರು ಮಾಡತಾರ ಅಂದ್ರಿ ಅಂದ್ರ, ನೀವ್ಯಾಕ ಅದೀರಿ ಅಂತಾನ. ಮಕ್ತುಂಬೀ ನಕ್ಕಳು, ಸುಳ್ಳ ಹೇಳಾಕ ನಂದೇನ್ ಹೋಗತೈತಿ ಅಣ್ಣಾ, ಮೂರೂ ಮಂದಿ ಒಂದ ಸುಳ್ಳ ಹೇಳಿದ್ರ ಹೆಂಗ. ಒಂದ ಆದ್ರ ಸಿಕ್ಕಿ ಬೀಳಂಗಿಲ್ಲವಾ, ಬ್ಯಾರೆ ಬ್ಯಾರೆ ಆದ್ರ ಸಿಕ್ಕಿ ಬೀಳತೀವಿ, ಎಂದ ಹಂಪಣ್ಣ, ಎಷ್ಟು ಬುದ್ಧಿವಂತ ಎಂದುಕೊಂಡೆ, ನನಗೂ ಧೈರ್ಯ ಬಂದಿತ್ತು, ಬಸ್ಸಿನಲ್ಲಿ ಬರುವಾಗ ಮಗಳಿಗೆ ಸುಮ್ಮನೆ ಮಂಡಕ್ಕಿ ಕೊಡಿಸಿದ್ದೆ.

ಈಗ ವೆಂಕೋಬ ಓದುತ್ತಿದ್ದಾನೆ, ಪೆನ್ಸಿಲಿನ ಮೊನೆ ಲಿಂಗಸುಗೂರಿನ ಚೌಕದ ಮೇಲೆ, ಅರ್ಜಿ, ತನಿಖೆ, ಪುಸ್ತಕ, ಉತ್ತರದ ಕಟ್ಟು, ಮೊನೆ ಮಸ್ಕಿಗೆ ಜರುಗಿತು, ಅರ್ಜಿ, ತನಿಖೆ, ಪುಸ್ತಕ, ಉತ್ತರದ ಕಟ್ಟು, ನಮ್ಮೂರಿಗೆ ಬಂತು, ರಬ್ಬರಿನ ಕೆಳಗೆ ಅರ್ಧ ಮುಚ್ಚಿದ ಅಕ್ಷರ, ಅವೇ ನಾಲ್ಕು, ಅದೇ ವರಸೆ. ಒಂದು ಊರಿನಿಂದ ಇನ್ನೊಂದಕ್ಕೆ ಒಂದು ಬಾಣವೂ ಇಲ್ಲ. ಮೂರೂ ಕಡಿ ಒಂದ ಕೆಲಸ ನಡೀತದಂದ್ರ, ಎಂದ, ಮೆತ್ತಗೆ, ಕೇಳಿದರೆ ಯಾರಿಗೂ ಸಿಟ್ಟು ಬಾರದ ದನಿ, ಒಂದು ಕಡಿ ಇದ್ರ ಸಾಕಲ್ರಿ, ಉಪವಿಭಾಗದ ಕಚೇರಿ ಅದ, ಲಿಂಗಸುಗೂರು ಇಡಬಹುದು. ಲಿಂಗಸುಗೂರು. ಹಂಪಣ್ಣನ ಲಿಂಗಸುಗೂರು. ಒಂದೇ ಸುಳ್ಳು ಹೇಳ್ರಿ ಎಂದವನ ಲಿಂಗಸುಗೂರು — ಅವನಿಗೆ ಮೊದಲೇ ಗೊತ್ತಿತ್ತೇ, ಬೂತಿನಿಂದ ನಕ್ಕದ್ದು ಅದಕ್ಕೇ ಏನು, ಇಲ್ಲ, ಹಂಪಣ್ಣ ಅಂಥವನಲ್ಲ, ಆದಮ್ಮನ ಪಟ್ಟಿಗೆ ಹೊಸ ಚರ್ಮ ಹಾಕಿಸಿಕೊಟ್ಟವನು, ಅಂಥವರೇ ಮಾಡುವುದಲ್ಲವೇ, ಇಲ್ಲ, ಅವನೂ ನನ್ನ ಹಾಗೆ ಹೆದರಿದವನು, ಹೆದರಿ ಹೆದರಿ ನಾವೇ ಮೂವರೂ ಒಬ್ಬರಂತೆ ಒಬ್ಬರು ಆಗಿ ಕೂತೆವು, ಒಂದೇ ಥರದ ಮೂರು ಇದ್ದರೆ ಮನೆಯಲ್ಲಿ ನಾನಾದರೂ ಎರಡು ಅಟ್ಟಕ್ಕೆ ಹಾಕುತ್ತೇನೆ. ಅವನ ಕೈ ರಬ್ಬರಿಗೆ ಹೋಯಿತು. ಎತ್ತಿದ. ಭಾರ ಹೋದ ಮೂಲೆ ಮೆಲ್ಲಗೆ ಮೇಲೆದ್ದಿತು, ಸಿಂಧನೂರು ತನ್ನಷ್ಟಕ್ಕೆ ತಾನು ಸುತ್ತಿಕೊಳ್ಳತೊಡಗಿತು.

ತಡೀರಿ. ನನ್ನ ದನಿಯೇ. ಅದು ಸುಳ್ಳ ಐತ್ರೀ. ಯಾವುದು, ಎಂದ. ಮೂರೂ, ಎಂದೆ, ಮಕ್ತುಂಬೀಯ ಗುಮ್ಮಿ ಕಣ್ಣ ಮುಂದೆ ಬಂತು, ಬಾಯಿ ನಿಲ್ಲಲಿಲ್ಲ, ಬಸ್ಸು, ಕಟ್ಟು, ಯಾರ ಕೈಯಿಂದ ಯಾರ ಕೈಗೆ, ಎಲ್ಲ ಹೇಳಿದೆ, ಅವಳ ಮನೆಯ ಮಾತು ಮಾತ್ರ ನುಂಗಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ, ಅದೇ ನನಗೆ ಆಶ್ಚರ್ಯ, ಒಂದ ಅಕ್ಷರ ಹೆಚ್ಚುಕಮ್ಮಿ ಇಲ್ಲದಂಗ ಮೂರೂ ಊರಾಗ ಹೇಳಿದ್ರಿ, ಖರೇ ಕೆಲಸ ಹಂಗ ಇರಂಗಿಲ್ರಿ, ಎಂದು ರಬ್ಬರನ್ನು ನನ್ನ ಕಡೆ ಚಾಚಿದ, ಸುಳ್ಳಿದ್ದಷ್ಟು ನೀವ ಅಳಸ್ರಿ. ನಾನು ಯಾಕೆ. ನಾಳೆ ಯಾರಾದರೂ ಕೇಳಿದರೆ ಆಕೆಯೇ ಅಳಿಸಿದಳು ಅನ್ನುವುದಕ್ಕೇ ಏನು. ಅಳಿಸಿದೆ, ಲಿಂಗಸುಗೂರಿನಲ್ಲಿ ಅರ್ಜಿ ಅಳಿಸಿದೆ, ಪುಸ್ತಕ ಅಳಿಸಿದೆ, ಉತ್ತರದ ಕಟ್ಟೂ ಹೋಯಿತು, ಮಸ್ಕಿಯಲ್ಲಿ ಅರ್ಜಿ, ತನಿಖೆ, ಆಮೇಲೆ ನನ್ನದು, ತನಿಖೆ ನನ್ನದಲ್ಲ, ಪುಸ್ತಕ ನನ್ನದಲ್ಲ, ಕಟ್ಟು ನನ್ನದಲ್ಲ, ಊದಿದೆ, ಕರಿಯ ಎಳೆಗಳು ಹಾರಿದವು, ಸಿಂಧನೂರಿನಲ್ಲಿ ಒಂದೇ ಸಾಲು ಉಳಿಯಿತು, ಅರ್ಜಿ. ಅವನು ಅಲ್ಲಿಂದ ಲಿಂಗಸುಗೂರಿಗೆ ಒಂದು ಬಾಣ ಎಳೆದ, ಲಿಂಗಸುಗೂರಿನಿಂದ ಮಸ್ಕಿಗೆ ಇನ್ನೊಂದು, ಈ ಸಲ ಮಸಿಯಲ್ಲಿ. ಒಂದ ಸಾಲು ಸಾಕೇನ್ರಿ ಒಂದ ಊರಿಗೆ, ಎಂದೆ. ಈ ಸಾಲು ತಗದ್ರ ಆ ಬಾಣ ಎಲ್ಲಿಂದ ಬರಬೇಕ್ರಿ, ಎಂದ, ಆಮೇಲೆ ಪೆನ್ನಿನ ಟೊಪ್ಪಿಗೆ ಹಾಕುತ್ತ, ಆದ್ರ ಮ್ಯಾಲಿನವ್ರ ಮನಸ್ಸು, ನಾ ಬರೇ ಬರಿಯಾಂವ. ಬರೇ ಬರೆಯುವವನು. ಹಾಗಾದರೆ ರಬ್ಬರು ಯಾಕೆ ತಂದೆ ಎಂದು ಕೇಳಬೇಕಿತ್ತು, ಗಂಟೆ ಹೊಡೆಯಿತು.

ಓಡಿ ಬಂದಿದ್ದೇನೆ, ಓಣಿ ದಾಟಿ, ಕಂಬಕ್ಕೆ ಒರಗಿದ್ದಾಳೆ, ತಡ ಆತು ಬೇ, ಎನ್ನುತ್ತಾಳೆ, ಕೊರಳಿಗೆ ಕೈ ಹಾಕುತ್ತಾಳೆ, ಒಂದೊಂದೇ ಮೆಟ್ಟಿಲು, ಕಬ್ಬಿಣ ಕಲ್ಲಿಗೆ ತಾಗುವ ಸಪ್ಪಳ, ನಾಳೆಯೂ ಈ ಸಪ್ಪಳ ಕೇಳುತ್ತೇನೆಯೇ, ಬರುವ ವರ್ಷ, ಹಂಪಣ್ಣನಿಗೆ ಏನು ಹೇಳಲಿ, ಮಕ್ತುಂಬೀಗೆ ಏನು ಹೇಳಲಿ, ಒಂದು ಸಾಲು, ಒಂದು ಬಾಣ, ಅಲ್ಲಿ ಅವನೊಬ್ಬನೇ ಹಾಳೆಯ ಮುಂದೆ — ಬೆನ್ನಿಗ್ಯಾಕ ಒತ್ತಾಕತ್ತೈತಿ, ಏನ್ ಹಿಡಿದೀಬೇ ಕೈಯಾಗ, ಎನ್ನುತ್ತಾಳೆ. ಮುಷ್ಟಿ ಬಿಚ್ಚುತ್ತೇನೆ. ಕೊಡುವುದನ್ನು ಮರೆತು ಬಂದಿದ್ದೇನೆ, ಅಥವಾ ಮರೆತಿಲ್ಲ, ಇದು ನನ್ನ ಕೈಯಲ್ಲಿರುವ ತನಕ ಅವನು ಏನು ಮಾಡಿಯಾನು, ಅವನ ಚೀಲದಲ್ಲಿ ಇನ್ನೊಂದು ಇದ್ದರೆ, ಇದ್ದೇ ಇರುತ್ತದೆ, ಇರಲಿಕ್ಕಿಲ್ಲ, ಬಿಳಿ ರಬ್ಬರು, ಒಂದು ತುದಿ ಮೊದಲೇ ಕಪ್ಪು, ಈಗ ಇನ್ನೊಂದು ತುದಿಯೂ ಕಪ್ಪು