ಗುಡ್ಡಕ್ಕೊಂದು ಪ್ರೊಸೆಸರ್

ಗುಡ್ಡ ಅಳೆಯುವುದು ಬಿಟ್ಟರೆ ತನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ ಎಂದು ನಮ್ಮ ಅತ್ತೆ ಹೇಳಿಕೊಳ್ಳುತ್ತಾರೆ. ಅದು ಸುಳ್ಳು. ಜಗಳವಾಡುವುದೂ ಚೆನ್ನಾಗಿ ಬರುತ್ತದೆ. ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದವರು, ನಿವೃತ್ತಿಯಾದ ಮೇಲೂ ನಗರಸಭೆ ಅವರನ್ನು ಬಿಟ್ಟಿರಲಿಲ್ಲ. ಕಾರಣ, ಟೈಲ್ಸ್ ಕಾರ್ಖಾನೆಗೆ ಹೋಗುವ ರಸ್ತೆಯ ಪಕ್ಕದ ಗುಡ್ಡ.

ರಸ್ತೆ ಅಗಲ ಮಾಡುವಾಗ ಯಾರೋ ಆ ಗುಡ್ಡದ ಬುಡವನ್ನು ಬೇಕಾದ್ದಕ್ಕಿಂತ ಹೆಚ್ಚು ಕಡಿದುಬಿಟ್ಟಿದ್ದರು. ಹಿಂದಿನ ವರ್ಷ ಒಂದಿಷ್ಟು ಮಣ್ಣು ಜಾರಿ ಚರಂಡಿ ಮುಚ್ಚಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಆರು ಬಸ್ಸುಗಳಲ್ಲಿ ಮುನ್ನೂರು ಜನ ಅದರ ಕೆಳಗೇ ಹಾದುಹೋಗಬೇಕು. ಗುಡ್ಡ ಜರುಗುತ್ತಿದೆಯೋ ಇಲ್ಲವೋ ಎಂದು ದಿನಾ ನೋಡಿ ಹೇಳುವ ಕೆಲಸ ಅತ್ತೆಯದು. ಬೆಳಿಗ್ಗೆ ಆರೂಕಾಲಿಗೆ ಅವರು ಡ್ರೋನ್ ಹಾರಿಸಿ ಒಂಬೈನೂರು ಫೋಟೋ ತೆಗೆಯುತ್ತಾರೆ. ಕಂಪ್ಯೂಟರ್ ಆ ಫೋಟೋಗಳನ್ನೆಲ್ಲ ಹೊಂದಿಸಿ ಗುಡ್ಡದ ಪಡಿಯಚ್ಚಿನಂಥ ನಕ್ಷೆ ಮಾಡಿ, ನಿನ್ನೆಯ ನಕ್ಷೆಯ ಪಕ್ಕ ಇಟ್ಟು, ಎಲ್ಲಿ ಎಷ್ಟು ಸರಿದಿದೆ ಎಂದು ತೋರಿಸುತ್ತದೆ.

ತೊಂದರೆ ಇದ್ದದ್ದು ಕಂಪ್ಯೂಟರಿನಲ್ಲಿ. ಅತ್ತೆಯ ಹಳೆಯ ಡಬ್ಬ ಬೆಳಿಗ್ಗೆ ಏಳಕ್ಕೆ ಶುರುಮಾಡಿದ್ದನ್ನು ಮಧ್ಯಾಹ್ನ ಒಂದೂವರೆಗೆ ಮುಗಿಸುತ್ತಿತ್ತು.

"ಬಸ್ಸು ಹೋಗಿ ಐದು ಗಂಟೆ ಆದ್ಮೇಲೆ ರಸ್ತೆ ಚೆನ್ನಾಗಿದೆ ಅಂತ ಹೇಳೋಕೆ ನಾನ್ಯಾಕೆ ಬೇಕು?" ಎಂದು ಒಂದು ದಿನ ಅತ್ತೆ ಊಟದ ತಟ್ಟೆ ಸರಿಸಿ ಕೇಳಿದರು. "ಎಂಟಕ್ಕೆ ಮುಂಚೆ ನಕ್ಷೆ ನನ್ನ ಕೈಲಿರಬೇಕು. ನಿನ್ನ ಅಂಗಡೀಲಿ ಅಂಥದ್ದು ಇದ್ಯೇನೇ?"

ನಮ್ಮ ಮನೆ ಮಹಡಿಯ ಮೇಲೆ, ನನ್ನ ಅಂಗಡಿ ಕೆಳಗೆ. ಹನ್ನೆರಡು ವರ್ಷದಿಂದ ಕಂಪ್ಯೂಟರ್ ಜೋಡಿಸುವುದೇ ನನ್ನ ಕಸುಬು. ಬಂದವರ ಕೆಲಸ ಏನು ಎಂದು ಕೇಳಿಕೊಂಡು, ಅದಕ್ಕೆ ತಕ್ಕ ಪ್ರೊಸೆಸರ್ ಆರಿಸಿ ಜೋಡಿಸಿಕೊಡುತ್ತೇನೆ. ನಾನು ಆರಿಸಿದ್ದು ತಪ್ಪಾಯಿತು ಎಂದು ಯಾರೂ ವಾಪಸು ತಂದಿರಲಿಲ್ಲ. ಅದರ ಜಂಬ ಸ್ವಲ್ಪ ಇತ್ತು ಎಂದೇ ಇಟ್ಟುಕೊಳ್ಳಿ.

"ಇದೆ ಅತ್ತೆ. ಎರಡು ಇವೆ, ಬನ್ನಿ," ಎಂದೆ.

ಕೆಲಸದ ಮೇಜಿನ ಮೇಲೆ ಆ ವಾರ ಎರಡು ಯಂತ್ರಗಳು ಅಕ್ಕಪಕ್ಕ ಕೂತಿದ್ದವು. ಒಂದರಲ್ಲಿ ಗೇಮ್ ಆಡುವವರಿಗೆಂದೇ ಮಾಡಿದ ಪ್ರೊಸೆಸರ್, ಗಾಜಿನ ಪಕ್ಕೆ, ಒಳಗೆ ಬಣ್ಣ ಬದಲಿಸುವ ದೀಪಗಳು. ಇನ್ನೊಂದರಲ್ಲಿ ದೊಡ್ಡ ಕಚೇರಿಗಳ ಸರ್ವರ್‌ಗಳಿಗೆ ಹಾಕುವಂಥ ಪ್ರೊಸೆಸರ್. ಅದು ಬೂದುಬಣ್ಣದ ತಗಡಿನ ಪೆಟ್ಟಿಗೆ, ಚಾಲೂ ಮಾಡಿದರೆ ಫ್ಯಾನುಗಳ ಸದ್ದಿಗೆ ಮಾತೇ ಕೇಳಿಸದು. ಯಾವುದು ಯಾವುದಕ್ಕೆಂದು ಅತ್ತೆಗೆ ಹೇಳಿದೆ.

ಅತ್ತೆ ಗಾಜಿನ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದರು. "ಇದೇನೇ ಇದು, ಸರ್ಕಸ್ ಟೆಂಟ್ ಥರ ಮಿಣುಕ್ತಾ ಇದೆ. ನನ್ನದು ಜನರ ಜೀವದ ಕೆಲಸ. ಆಟದ ಸಾಮಾನು ಬೇಡ. ಆ ಹಿಟ್ಟಿನ ಗಿರಣಿ ಇದೆಯಲ್ಲ, ಅದು ಕೊಡು."

"ಅದ್ಯಾಕೆ ಅದೇ ಬೇಕು?"

"ಸರ್ವರ್ ಅಂತ ನೀನೇ ಅಂದ್ಯಲ್ಲ."

"ಹೋಟೆಲ್‌ನಲ್ಲಿ ತಟ್ಟೆ ತಂದಿಡೋರೂ ಸರ್ವರೇ. ಹೆಸರು ನೋಡಿ ತಗೋಬೇಡಿ ಅತ್ತೆ." ನಾನು ಎರಡೂ ಪ್ರೊಸೆಸರಿನ ಲೆಕ್ಕ ಬಿಡಿಸಿದೆ. "ಒಳಗೆ ಕೋರ್ ಅಂತ ಇರ್ತಾವೆ. ಒಂದೊಂದು ಕೋರ್ ಒಬ್ಬೊಬ್ಬ ಕೆಲಸಗಾರ ಅಂದ್ಕೊಳ್ಳಿ. ಗೇಮಿಂದರಲ್ಲಿ ಹದಿನಾರು ಜನ, ಭಾರಿ ಚುರುಕು. ಸರ್ವರಿಂದರಲ್ಲಿ ಮೂವತ್ತೆರಡು ಜನ, ಆದ್ರೆ ಒಬ್ಬೊಬ್ಬರೂ ಸ್ವಲ್ಪ ನಿಧಾನ."

"ಮೂವತ್ತೆರಡೇ ಜಾಸ್ತಿ ಅಲ್ವಾ?"

"ಎಲ್ಲರಿಗೂ ಕೈತುಂಬ ಕೆಲಸ ಇದ್ರೆ ಜಾಸ್ತಿ. ನಿಮ್ಮ ಸಾಫ್ಟ್‌ವೇರ್ ಅರ್ಧ ಹೊತ್ತು ನಾಲ್ಕೈದು ಜನಕ್ಕೆ ಮಾತ್ರ ಕೆಲಸ ಕೊಡುತ್ತೆ. ಉಳಿದೋರು ಕೈ ಕಟ್ಕೊಂಡು ನಿಂತಿರ್ತಾರೆ."

"ನಮ್ಮ ಆಫೀಸ್ ಇದ್ದ ಹಾಗೆ," ಎಂದರು ಅತ್ತೆ. ಆದರೂ ಬಗ್ಗಲಿಲ್ಲ.

ಪ್ರೈಮರಿ ಸ್ಕೂಲಿನ ಮೇಷ್ಟ್ರಾದ ನನ್ನ ಗಂಡ ಆ ಹೊತ್ತಿಗೆ ಕೆಳಗಿಳಿದು ಬಂದವರು, ನಮ್ಮಿಬ್ಬರ ಮುಖ ನೋಡಿ ಬಂದ ದಾರಿಯಲ್ಲೇ ಮೆಟ್ಟಿಲು ಹತ್ತಿದರು. ಹೆಂಡತಿ ಮತ್ತು ಅಮ್ಮನ ನಡುವೆ ಬಾಯಿ ಹಾಕಬಾರದು ಎನ್ನುವಷ್ಟು ಬುದ್ಧಿ ಅವರಿಗೆ ಮದುವೆಯಾದ ವರ್ಷವೇ ಬಂದಿತ್ತು.

ಬಾಯಿಮಾತು ಬೇಡ, ಎರಡಕ್ಕೂ ಒಂದೇ ಕೆಲಸ ಕೊಟ್ಟು ನೋಡೋಣ ಎಂದೆ. ಹಿಂದಿನ ದಿನದ ಒಂಬೈನೂರು ಫೋಟೋ ಎರಡರಲ್ಲೂ ಹಾಕಿದೆವು. ಅತ್ತೆ ಕುರ್ಚಿ ಎಳೆದುಕೊಂಡು, ತಮ್ಮ ಹಳೆಯ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಕೂತರು. ಮೊದಲ ಹಂತದಲ್ಲಿ ಎಲ್ಲ ಕೋರ್‌ಗಳಿಗೂ ಕೆಲಸವಿತ್ತು, ಗಿರಣಿ ಮುಂದೆ ಹೋಯಿತು. ಅತ್ತೆ ನನ್ನ ಕಡೆ ನೋಡಿ ಕೆಮ್ಮಿದರು. ಆಮೇಲಿನ ಹಂತಗಳಲ್ಲಿ ಸರ್ಕಸ್ ಟೆಂಟ್ ಅದನ್ನು ಹಿಂದೆ ಹಾಕಿತು. ಟೆಂಟ್ ಮುಗಿಸಿದ್ದು ನಲವತ್ತೆಂಟು ನಿಮಿಷಕ್ಕೆ, ಗಿರಣಿ ಎಪ್ಪತ್ತು ನಿಮಿಷಕ್ಕೆ.

"ಏಳಕ್ಕೆ ಶುರುಮಾಡಿದ್ರೆ ಏಳೂಮುಕ್ಕಾಲು ದಾಟುತ್ತಲೇ ನಕ್ಷೆ ಕೈಲಿರುತ್ತೆ," ಎಂದೆ. "ಸರ್ವರ್ ತಗೊಂಡ್ರೆ ಎಂಟೂ ಹತ್ತು. ಬಸ್ಸು ಹೋಗಿ ಆಗಿರುತ್ತೆ."

ಅತ್ತೆ ಗಡಿಯಾರ ಕೈಗೆ ಕಟ್ಟಿಕೊಂಡು ಒಪ್ಪಿದರು. ಗಾಜಿನ ಪೆಟ್ಟಿಗೆ ಮಹಡಿ ಹತ್ತಿ ಅತ್ತೆಯ ಕೋಣೆ ಸೇರಿತು. ಅದರ ದೀಪ ಆರಿಸಿಕೊಡಬೇಕು ಎನ್ನುವುದೊಂದೇ ಅವರ ಷರತ್ತು.

ಹತ್ತು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಹನ್ನೊಂದನೆಯ ಬೆಳಿಗ್ಗೆ ಅತ್ತೆ ಮೇಲಿಂದ ಕೂಗಿದರು. ನಾನು ಓಡಿದೆ. ಪರದೆಯ ಮೇಲೆ ಗುಡ್ಡದ ಎಡಗಡೆ ಒಂದು ಕೆಂಪು ಮಚ್ಚೆ. ಆ ಜಾಗ ಒಂದೇ ದಿನದಲ್ಲಿ ನಲವತ್ತು ಸೆಂಟಿಮೀಟರ್ ಮುಂದಕ್ಕೆ ಉಬ್ಬಿದೆ ಎಂದು ಯಂತ್ರ ಹೇಳುತ್ತಿತ್ತು.

"ರಸ್ತೆ ಮುಚ್ಚಿಸ್ಬೇಕಲ್ವಾ?" ಎಂದೆ.

"ಮುಚ್ಚಿಸ್ತೀನಿ. ಆದ್ರೆ ಅದು ಬಂಡೆ ಕಣೇ," ಎಂದರು ಅತ್ತೆ. "ಆ ಎಡಗಡೆ ಪೂರ್ತಿ ಒಂದೇ ಕಲ್ಲು. ನನ್ನ ಮುತ್ತಜ್ಜಿ ಹುಟ್ಟೋಕೆ ಮುಂಚಿಂದ ಅಲ್ಲೇ ಕೂತಿದೆ. ರಾತ್ರೋರಾತ್ರಿ ಅದಕ್ಕೆ ಹೊಟ್ಟೆ ಬಂತಾ?"

ನಗರಸಭೆ ಎಂಜಿನಿಯರ್‌ಗೆ ಫೋನ್ ಮಾಡಿ ಬಸ್ಸುಗಳನ್ನು ನಿಲ್ಲಿಸಿದರು. ತಾವೇ ಗುಡ್ಡಕ್ಕೆ ಹೋಗಿ, ಬಂಡೆಯ ಮೇಲೆ ವರ್ಷಗಳ ಹಿಂದೆ ಹೊಡೆದಿದ್ದ ಮೊಳೆಗಳಿಗೆ ಉಪಕರಣ ಹಿಡಿದು ಅಳೆದರು. ಕೂದಲೆಳೆಯಷ್ಟೂ ಸರಿದಿರಲಿಲ್ಲ. ಬಸ್ಸುಗಳು ಒಂದು ಗಂಟೆ ತಡವಾಗಿ ಹೊರಟವು. ಎಂಜಿನಿಯರ್ ಮುಖ ಗಂಟು ಹಾಕಿಕೊಂಡು ಹೋದರಂತೆ.

ಅತ್ತೆ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದೇ ಫೋಟೋಗಳನ್ನು ಅದೇ ಯಂತ್ರದಲ್ಲಿ ಇನ್ನೊಮ್ಮೆ ಹಾಕಿದೆ. ಉಬ್ಬು ಮಾಯ! ಒಂದೇ ಪ್ರಶ್ನೆಗೆ ಎರಡು ಉತ್ತರ. ನನ್ನ ಕೈಯಿಂದ ಹೊರಗೆ ಹೋದ ಯಂತ್ರ ಹೀಗೆ ಮಾಡಿದ್ದು ಅದೇ ಮೊದಲು. ಅಂಗಡಿಯ ಬಾಗಿಲು ಅರ್ಧ ಎಳೆದು, ಬಂದ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿ, ಇಡೀ ದಿನ ಅದರ ಒಂದೊಂದು ಭಾಗವನ್ನೂ ಪರೀಕ್ಷೆಗೆ ಹಚ್ಚಿದೆ. ಸಂಜೆ ಐದರ ಹೊತ್ತಿಗೆ ಕಳ್ಳ ಸಿಕ್ಕಿದ. ಲೆಕ್ಕ ನಡೆಯುವಾಗ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವ ನಾಲ್ಕು ಮೆಮೊರಿ ಪಟ್ಟಿಗಳಲ್ಲಿ ಒಂದು, ಬಿಸಿಯೇರಿದಾಗ ಮಾತ್ರ, ಲಕ್ಷಾಂತರ ಅಂಕಿಗಳಲ್ಲಿ ಎಲ್ಲೋ ಒಂದನ್ನು ತಿರುವಿ ಹಾಕುತ್ತಿತ್ತು. ಸೊನ್ನೆ ಇದ್ದಲ್ಲಿ ಒಂದು. ವೇಗ ಬೇಕೆಂದು ಆ ಪಟ್ಟಿಗಳನ್ನು ಅವುಗಳ ಮಿತಿಯ ತನಕ ಓಡಿಸಿದ್ದವಳು ನಾನೇ.

ರಾತ್ರಿಯ ಊಟಕ್ಕೆ ಕೂತಾಗ ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಆ ಪಟ್ಟಿ ಬದಲಾಯಿಸಿದ್ರೆ ಸರಿಹೋಗುತ್ತಾ?" ಎಂದು ಕೇಳಿದರು.

"ಹೋಗುತ್ತೆ."

"ಮುಂದೆ ಇನ್ನೊಂದು ಪಟ್ಟಿ ಹೀಗೇ ಮಾಡಿದ್ರೆ? ತಪ್ಪಾಯ್ತು ಅಂತ ಯಂತ್ರ ಬಾಯಿಬಿಟ್ಟು ಹೇಳುತ್ತಾ?"

"ಇಲ್ಲ ಅತ್ತೆ. ಗೇಮಲ್ಲಿ ಹೀಗಾದ್ರೆ ಯಾವನದೋ ಟೋಪಿ ಬಣ್ಣ ಒಂದು ಕ್ಷಣ ಬದಲಾಗುತ್ತೆ, ಯಾರೂ ನೋಡಲ್ಲ. ಅದಕ್ಕೇ ಆ ಗೇಮಿನ ಯಂತ್ರದಲ್ಲಿ ತಪ್ಪು ಹಿಡಿಯೋ ಏರ್ಪಾಡೇ ಇಟ್ಟಿಲ್ಲ."

"ಗಿರಣೀಲಿ?"

"ಅದರಲ್ಲಿದೆ. ಒಂದಂಕಿ ತಪ್ಪಿದ್ರೆ ತಾನೇ ಹಿಡಿದು ತಿದ್ದಿಕೊಂಡು, ಇಂಥ ಹೊತ್ತಲ್ಲಿ ತಿದ್ದಿದೆ ಅಂತ ಬರೆದಿಡುತ್ತೆ. ತಿದ್ದೋಕಾಗದಷ್ಟು ಕೆಟ್ಟಿದ್ರೆ ಕೆಲಸ ನಿಲ್ಲಿಸಿಬಿಡುತ್ತೆ. ಸುಳ್ಳು ನಕ್ಷೆ ಕೈಗೆ ಕೊಡಲ್ಲ." ತಲೆ ತಗ್ಗಿಸಿ ಅನ್ನ ಕಲಸುತ್ತ ಮುಂದುವರಿಸಿದೆ, "ಮೊದಲ ದಿನವೇ ನಾನು ಇದನ್ನ ಯೋಚಿಸಬೇಕಿತ್ತು. ಗಡಿಯಾರ ನೋಡ್ಕೊಂಡು ಕೂತೆ. ನೀವು ಅಂದಿದ್ದೇ ಸರಿ."

"ಸರಿ ಅಂದಿದ್ದು ನಿಜ, ಯಾಕೆ ಸರಿ ಅಂತ ನಂಗೂ ಗೊತ್ತಿರ್ಲಿಲ್ಲ ಬಿಡು," ಎಂದು ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

"ಆದ್ರೆ ಎಂಟೂ ಹತ್ತಾಗುತ್ತಲ್ಲ?" ಎಂದರು ನನ್ನ ಗಂಡ. ಆ ವಿಷಯದಲ್ಲಿ ಅವರು ಬಾಯಿ ಹಾಕಿದ್ದು ಅದೊಂದೇ ಸಲ. ಕೇಳಬೇಕಾದ ಪ್ರಶ್ನೆಯೇ.

ಅತ್ತೆ ಎಡಗೈಯಲ್ಲಿ ಒಂದು ಕಾಗದ ಎಳೆದುಕೊಂಡು ಗುಡ್ಡದ ಆಕಾರ ಗೀಚಿದರು. ಎಡಗಡೆಯ ಕಾಲುಭಾಗಕ್ಕೆ ಅಡ್ಡಗೆರೆ ಎಳೆದರು. ಇದು ಬಂಡೆ. ಬಲತುದಿಗೂ ಒಂದು ಗೆರೆ. ಇಲ್ಲಿ ಇಳಿಜಾರೇ ಇಲ್ಲ, ಜಾರುವ ಮಾತೇ ಇಲ್ಲ. "ಈ ಎರಡು ಕಡೆ ಅಳತೆಗೆ ಆಧಾರ ಅಂತ ನಾಲ್ಕು ನಾಲ್ಕು ಗುರುತು ಸಿಕ್ಕಿದ್ರೆ ಸಾಕು. ಇಡೀ ಬಂಡೆ ಫೋಟೋ ತೆಗೆದು ಏನು ಮಾಡ್ಲಿ, ಗೋಡೆಗೆ ಹಾಕ್ಲಾ? ಒಂಬೈನೂರು ಬೇಡ. ಆರುನೂರು."

ಮಾರನೆಯ ದಿನ ಆರುನೂರು ಫೋಟೋಗಳನ್ನು ಗಿರಣಿಗೆ ಕೊಟ್ಟೆ. ನಲವತ್ತಾರು ನಿಮಿಷ. ಅದೇ ಫೋಟೋಗಳನ್ನು ಹತ್ತು ಸಲ ಹಾಕಿದೆ, ಹತ್ತು ಸಲವೂ ಒಂದೇ ಉತ್ತರ. ಆಮೇಲೇ ಅದನ್ನು ಮಹಡಿಗೆ ಹೊತ್ತೆವು. ಸದ್ದಿಗೆ ಹೆದರಿ ನನ್ನ ಗಂಡ ನೋಟ್‌ಬುಕ್ ತಿದ್ದುವ ತಮ್ಮ ಮೇಜನ್ನು ಅಡುಗೆಮನೆಗೆ ಸಾಗಿಸಿದರು.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಏಳೂ ನಲವತ್ತೇಳಕ್ಕೆ ಮತ್ತೆ ಕೂಗು. ಈ ಸಲ ಕೆಂಪು ಮಚ್ಚೆ ಗುಡ್ಡದ ನಡುಮಧ್ಯೆ, ಬುಡ ಕಡಿದ ಜಾಗದಿಂದ ಸ್ವಲ್ಪ ಮೇಲೆ. ಹದಿನಾಲ್ಕು ಸೆಂಟಿಮೀಟರ್. ನಾನು ಯಂತ್ರ ಬರೆದಿಟ್ಟ ದಾಖಲೆ ತೆರೆದು ನೋಡಿದೆ. ತಪ್ಪಿದ್ದೂ ಇಲ್ಲ, ತಿದ್ದಿದ್ದೂ ಇಲ್ಲ.

ಅತ್ತೆ ಎಂಜಿನಿಯರ್‌ಗೆ ಫೋನ್ ಮಾಡಿ ರಸ್ತೆ ಮುಚ್ಚಿ ಎಂದರು.

"ಮೇಡಂ, ಮೊನ್ನೆಯೂ ಹೀಗೇ ಆಯ್ತು," ಎಂಜಿನಿಯರ್ ದನಿ ಸ್ಪೀಕರಿನಲ್ಲಿ ಬೇಸತ್ತಿತ್ತು. "ಬಂಡೆ ಉಬ್ಬಿದೆ ಅಂದ್ರಿ, ಆಮೇಲೆ ಕಂಪ್ಯೂಟರ್ ತಪ್ಪು ಅಂದ್ರಿ. ಕಾರ್ಖಾನೆಯವರಿಗೆ ನಾನೇನು ಹೇಳ್ಲಿ?"

ನಾನು ಫೋನಿನ ಹತ್ತಿರ ಬಗ್ಗಿದೆ. "ಸರ್, ನಾನು ಅವರ ಸೊಸೆ, ಕಂಪ್ಯೂಟರ್ ಜೋಡಿಸಿದೋಳು. ಮೊನ್ನೆ ತಪ್ಪು ಮಾಡಿದ ಯಂತ್ರ ತೆಗೆದುಹಾಕಿದ್ದೀನಿ. ಇದು ಬೇರೆ. ಇದರ ಲೆಕ್ಕಕ್ಕೆ ನಾನು ಜವಾಬ್ದಾರಿ."

"ಮಣ್ಣಿಗೆ ನಾನು ಜವಾಬ್ದಾರಿ," ಎಂದರು ಅತ್ತೆ. "ಇನ್ನು ಎಂಟು ನಿಮಿಷ ಇದೆ. ಮುಚ್ಚಿಸ್ತೀರೋ, ನಾನೇ ಹೋಗಿ ರಸ್ತೆ ನಡುವೆ ಕುರ್ಚಿ ಹಾಕ್ಕೊಂಡು ಕೂರ್ಲೋ?"

ಮುಚ್ಚಿಸಿದರು. ಬಸ್ಸುಗಳು ಮಾರುಕಟ್ಟೆ ಸುತ್ತಿಕೊಂಡು ನಲವತ್ತು ನಿಮಿಷ ತಡವಾಗಿ ತಲುಪಿದವು. ಆ ದಿನ ಏನೂ ಆಗಲಿಲ್ಲ. ಮರುದಿನದ ನಕ್ಷೆಯಲ್ಲಿ ಇನ್ನೂ ಐದು ಸೆಂಟಿಮೀಟರ್ ಸರಿದಿತ್ತು, ಆದರೆ ರಸ್ತೆಯಲ್ಲಿ ನಿಂತು ನೋಡಿದವರಿಗೆ ಗುಡ್ಡ ಹೇಗಿತ್ತೋ ಹಾಗೇ ಕಾಣುತ್ತಿತ್ತು. ಕಾರ್ಖಾನೆಯ ಮ್ಯಾನೇಜರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, "ಎಷ್ಟು ದಿನ ಈ ನಾಟಕ?" ಎಂದು ಕೇಳಿ ಹೋದರು. ದಾಖಲೆಯನ್ನು ಎಷ್ಟು ಸಲ ತೆರೆದು ನೋಡಿದೆನೋ ನನಗೇ ಗೊತ್ತಿಲ್ಲ. ಪ್ರತಿ ಸಲವೂ ಅದು ಒಂದೇ ಮಾತು ಹೇಳುತ್ತಿತ್ತು. ಅತ್ತೆ ಮಾತ್ರ ಎರಡೂ ದಿನ ಊಟವಾದ ಮೇಲೆ ಒಂದು ಗಂಟೆ ಗೊರಕೆ ಹೊಡೆದರು.

ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಗುಡ್ಡ ಬಂತು. ಜಲ್ಲಿ ಲಾರಿ ಸುರಿದಂಥ ಸದ್ದು ಅಂಗಡಿಯ ತನಕ ಕೇಳಿಸಿತು. ನಾವು ಹೋಗಿ ನೋಡಿದಾಗ ರಸ್ತೆಯ ಮೇಲೆ ಆಳೆತ್ತರಕ್ಕಿಂತ ಹೆಚ್ಚು ಮಣ್ಣು, ಎರಡು ಬಸ್ಸಿನ ಉದ್ದಕ್ಕೆ. ಅದರ ಕೆಳಗೆ ಒಂದು ನಾಯಿಯೂ ಇರಲಿಲ್ಲ. ಎಡಗಡೆಯ ಬಂಡೆ ತನ್ನ ಪಾಡಿಗೆ ತಾನು ಕೂತಿತ್ತು.

ಎಂಜಿನಿಯರ್ ತಡೆಗಂಬದ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅತ್ತೆಯನ್ನು ನೋಡಿ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಆಫೀಸಿಗೂ ಅಂಥದ್ದೊಂದು ಜೋಡಿಸಿಕೊಡ್ತೀರಾ?" ಎಂದು ಕೇಳಿದರು.

"ನಿಮ್ಮ ಆಫೀಸಿನ ಕೆಲಸ ಏನು ಅಂತ ಮೊದಲು ಬಂದು ನೋಡ್ತೀನಿ ಸರ್," ಎಂದೆ. "ಕಾಗದ ಟೈಪ್ ಮಾಡೋಕೆ ಇದೆಲ್ಲ ದಂಡ."

ಅಷ್ಟರಲ್ಲಿ ಅತ್ತೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಉಪಕರಣ ಕೂರಿಸಿಯಾಗಿತ್ತು. ಉಳಿದ ಮಣ್ಣು ನಿಲ್ಲುತ್ತದೋ ಇಲ್ಲವೋ ಅವರಿಗೆ ಆಗಲೇ ತಿಳಿಯಬೇಕಿತ್ತು. ನನ್ನ ಕೈಗೆ ಒಂದು ಅಳತೆಕೋಲು ತುರುಕಿದರು.

"ಆ ಮೈಲಿಗಲ್ಲಿನ ಹತ್ರ ಹೋಗಿ ನಿಂತ್ಕೋ. ಕೋಲು ನೆಟ್ಟಗಿರಲಿ."

ಹೋಗಿ ನಿಂತೆ. ನೆಟ್ಟಗೇ ಹಿಡಿದಿದ್ದೇನೆ ಎಂದುಕೊಂಡೆ.

"ಬಲಕ್ಕೆ ವಾಲಿದೆ ಕಣೇ!" ಎಂದು ಅಲ್ಲಿಂದಲೇ ಕೂಗಿದರು.