ಉಪ್ಪು ಹಾಕಿದ ಕೈ

ನಮಿತಾ ಮದುವೆಯಾಗಿ ಮುಂಬಯಿಯ ವಿಕ್ರೋಳಿಯ ಮನೆಗೆ ಬಂದ ವರ್ಷ ಉಪ್ಪಿನಕಾಯಿಗೆ ಬೂಷ್ಟು ಬಂತು. ಆ ಸಲ ಮಾವಿನ ಮಿಡಿಗೆ ಉಪ್ಪು ಬೆರೆಸಿದ್ದವಳು ಅವಳು. ಅದೇ ಮಳೆಗಾಲದಲ್ಲಿ ಅವಳ ಬಸಿರೂ ಇಳಿದುಹೋಯಿತು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದವರು ಅತ್ತೆ ಶೀಲಾವತಿ. ಆಸ್ಪತ್ರೆಯಿಂದ ಬಂದು ಒಳಗೆ ಮಲಗಿದ್ದ ಸೊಸೆಗೆ ಕೇಳುವ ಹಾಗೆಯೇ ಅವರು ಪಕ್ಕದ ಮನೆಯ ವಸಂತಿಗೆ, "ಇವಳ ಕೈಯಲ್ಲಿ ಏನೂ ನಿಲ್ಲುವುದಿಲ್ಲ ಮಾರಾಯ್ತಿ" ಎಂದಿದ್ದರು.

ಆಮೇಲೆ ನಮಿತಾಳಿಗೆ ಮಕ್ಕಳಾಗಲಿಲ್ಲ. ಪ್ರತಿ ಬೇಸಿಗೆ ದಾದರ್ ಮಾರ್ಕೆಟ್ಟಿನಿಂದ ಮಾವಿನಕಾಯಿ ಹೊತ್ತು ತರುವುದು, ತೊಳೆದು ಒರೆಸುವುದು, ಹೆಚ್ಚುವುದು, ಕೊನೆಗೆ ಪಾತ್ರೆ ಉಜ್ಜುವುದು ಅವಳ ಪಾಲಿಗೆ ಬಂತು. ಉಪ್ಪು ಬೆರೆಸುವ ಹೊತ್ತಿಗೆ ಅತ್ತೆ ಏನಾದರೊಂದು ನೆಪ ಹೇಳಿ ಅವಳನ್ನು ಹೊರಗೆ ಕಳಿಸಿ ವಸಂತಿಯನ್ನು ಕರೆಯುತ್ತಿದ್ದರು. ಗಂಡ ಸಂದೀಪ ಪರೇಲಿನ ಹೋಟೆಲೊಂದರಲ್ಲಿ ಮ್ಯಾನೇಜರ್. ಅಮ್ಮನಿಗೆ ವಯಸ್ಸಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುತ್ತಿದ್ದ. ಅಮ್ಮನಿಗೆ ಆಗ ಅರವತ್ತೂ ತುಂಬಿರಲಿಲ್ಲ.

ಆ ಮನೆಯಲ್ಲಿ ನಮಿತಾಳ ಪರವಾಗಿ ಬಾಯಿಬಿಟ್ಟವಳೆಂದರೆ ನಾದಿನಿ ಯಕ್ಷಿತಾ ಒಬ್ಬಳೇ. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, ಇದೆಲ್ಲ ಬಕ್ವಾಸ್ ಎಂದು ತಾಯಿಯ ಜೊತೆ ಜಗಳವಾಡಿ ಊಟ ಬಿಟ್ಟದ್ದೂ ಉಂಟು. ನಮಿತಾ ಅವಳನ್ನು ಮಗಳಂತೆ ನೋಡಿಕೊಂಡಳು. ಅವಳ ಮದುವೆಯ ದಿನ ಸೀರೆ ಉಡಿಸಿ, ಜಡೆ ಹೆಣೆದು, ಠಾಣೆಯ ಗಂಡನ ಮನೆಗೆ ಕಳಿಸಿಕೊಟ್ಟ ಮೇಲೆ ಬಾತ್‌ರೂಮಿನಲ್ಲಿ ನಿಂತು ಅತ್ತಿದ್ದಳು.

ಹೋದ ದೀಪಾವಳಿಯ ಹೊತ್ತಿಗೆ ಶೀಲಾವತಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಾತು ಉಳಿಯಿತು, ಸ್ವಲ್ಪ ತೊದಲು. ಮೀಯಿಸುವುದರಿಂದ ಹಿಡಿದು ತಲೆ ಬಾಚುವವರೆಗೆ ಎಲ್ಲವೂ ನಮಿತಾಳ ಮೇಲೆ ಬಿತ್ತು. ಸಾರು ಅನ್ನ ಕಲಸಿ, ಸಣ್ಣ ಸಣ್ಣ ತುತ್ತು ಮಾಡಿ ಕೈಯಾರೆ ತಿನ್ನಿಸುತ್ತಿದ್ದಳು. ಅತ್ತೆ ಬೇಡ ಎನ್ನದೆ ತಿನ್ನುತ್ತಿದ್ದರು. ಹಳೆಯದೆಲ್ಲ ಹೀಗೇ ಕರಗಿ ಹೋಗಿರಬೇಕು ಎಂದು ನಮಿತಾ ಅಂದುಕೊಂಡಿದ್ದಳು.

ಈ ಮೇ ತಿಂಗಳಲ್ಲಿ ಯಕ್ಷಿತಾ ಬಯಕೆ ಊಟಕ್ಕೆಂದು ತವರಿಗೆ ಬಂದಳು. ಅವಳಿಗೆ ಏಳು ತಿಂಗಳು. ಮಾವಿನಕಾಯಿಯ ಪನ್ಹೆ ಕುಡಿಯಬೇಕು, ಊರಿನ ಕಾಟು ಮಾವಿನಹಣ್ಣಿನ ಸಾಸಿವೆ ಪದಾರ್ಥ ತಿನ್ನಬೇಕು ಎಂದು ಫೋನಿನಲ್ಲೇ ಹೇಳಿಟ್ಟಿದ್ದಳು. ಹಣ್ಣು ಉಡುಪಿಯಿಂದ ಬಸ್ಸಿನಲ್ಲಿ ಬಂತು. ನಮಿತಾ ಬೆಳಿಗ್ಗೆಯೇ ಪನ್ಹೆಗೆಂದು ಮಾವಿನಕಾಯಿಗಳನ್ನು ಬೇಯಿಸಿ, ಸಿಪ್ಪೆ ತೆಗೆದು, ತಿರುಳು ಹಿಸುಕಿಟ್ಟಳು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಶೀಲಾವತಿ, ಇನ್ನು ನಿಲ್ಲಿಸು, ವಸಂತಿ ಬರಲಿ ಎಂದರು. ವಸಂತಿ ದೇವಸ್ಥಾನಕ್ಕೆ ಹೋಗಿದ್ದವಳು ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಕುರ್ಚಿಯಲ್ಲೇ ಅವರಿಗೆ ಮಂಪರು ಹತ್ತಿತು.

ಸೆಕೆಗೆ ಯಕ್ಷಿತಾಳ ಮುಖ ಕೆಂಪೇರಿತ್ತು. ಆಯಿತಾ ಅತ್ತಿಗೆ, ಆಯಿತಾ ಎಂದು ಒಂದೇ ಸಮನೆ ಕೇಳುತ್ತಿದ್ದಳು. ನಮಿತಾ ತಿರುಳಿಗೆ ಬೆಲ್ಲ ಕದಡಿ, ಏಲಕ್ಕಿ ಪುಡಿ ಉದುರಿಸಿ, ಒಂದು ಚಿಟಿಕೆ ಉಪ್ಪು ಹಾಕಿ, ಮಡಕೆಯ ತಣ್ಣೀರು ಬೆರೆಸಿ ಲೋಟ ತುಂಬಿ ಕೊಟ್ಟಳು. ಯಕ್ಷಿತಾ ಒಂದು ಗುಟುಕು ಕುಡಿದು ಏಕ್ದಂ ಮಸ್ತ್ ಆಗಿದೆ ಎಂದಳು.

ಆ ಮಾತಿಗೆ ಶೀಲಾವತಿ ಕಣ್ಣು ಬಿಟ್ಟರು. "ವಸಂತಿ ಬಂದಳಾ?"

"ಇಲ್ಲ ಅತ್ತೆ."

"ಮತ್ತೆ ಉಪ್ಪು ಹಾಕಿದ್ದು ಯಾರು?"

"ನಾನೇ."

ಶೀಲಾವತಿ ಮಗಳ ಕಡೆ ತಿರುಗಿ, ಲೋಟ ಕೆಳಗಿಡು ಎಂದರು. ಯಕ್ಷಿತಾ ಈಗ ನಗುತ್ತಾಳೆ, ಹಿಂದಿನ ಹಾಗೆಯೇ ಅಮ್ಮನನ್ನು ಗದರಿಸುತ್ತಾಳೆ ಎಂದು ನಮಿತಾ ಕಾದಳು. ಯಕ್ಷಿತಾ ಲೋಟವನ್ನೇ ನೋಡುತ್ತಿದ್ದಳು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲೆ ಹೋಯಿತು. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಬುರಾ ಮತ್ ಮಾನೋ ಅತ್ತಿಗೆ, ಬೇಜಾರು ಮಾಡಬೇಡಿ. ನಾನು ಇದನ್ನೆಲ್ಲ ನಂಬುವುದಿಲ್ಲ, ನಿಮಗೆ ಗೊತ್ತುಂಟಲ್ಲ. ಆದರೆ ಈಗ ಬೇಬಿ ಉಂಟು... ರಿಸ್ಕ್ ಯಾಕೆ?"

ನಮಿತಾ ಸೌಟನ್ನು ಪಾತ್ರೆಯೊಳಗೇ ಬಿಟ್ಟು ಅತ್ತೆಯ ಎದುರು ಬಂದು ನಿಂತಳು. "ದಿನಾ ನಿಮಗೆ ಅನ್ನ ಕಲಸಿ ತಿನ್ನಿಸುವುದು ಇದೇ ಕೈ ಅಲ್ಲವಾ ಅತ್ತೆ? ಅದು ಆಗ್ತದಾ?"

ಶೀಲಾವತಿ ತುಸು ಯೋಚಿಸಿದರು. "ನನ್ನದು ಮುಗಿದ ಜೀವ. ನನ್ನಲ್ಲಿ ಹೋಗಲಿಕ್ಕೆ ಇನ್ನೇನುಂಟು?"

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಿತಾ ತಡೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ವಸಂತಿ ಬಂದಳು. ನಮಿತಾ ಉಳಿದ ಕಾಯಿಗಳನ್ನು ಒಲೆಗಿಟ್ಟು, ಬೆಂದ ಮೇಲೆ ಎಲ್ಲವನ್ನೂ ಅವಳ ಮುಂದೆ ಇಟ್ಟಳು. ಮೊದಲಿನ ಪನ್ಹೆ ಸಿಂಕಿಗೆ ಹೋಯಿತು. ಮರುದಿನ ಬಯಕೆ ಊಟಕ್ಕೆ ಬಂದ ಹೆಂಗಸರು ಯಕ್ಷಿತಾಳನ್ನು ಸುತ್ತುವರಿದು ಬಡಿಸುವಾಗ ನಮಿತಾ ಒಳಗೆ ಎಲೆ ಒರೆಸುತ್ತಿದ್ದಳು. ಹೊರಗೆ ಬಾ ಎಂದು ಯಾರೂ ಕರೆಯಲಿಲ್ಲ, ಯಕ್ಷಿತಾಳೂ ಕರೆಯಲಿಲ್ಲ. ಸಂಜೆ ವಿಷಯ ತಿಳಿದ ಸಂದೀಪ, ಈ ಹೊತ್ತಿನಲ್ಲಿ ಅವಳ ಜೊತೆ ವಾದ ಬೇಡ, ಅಡ್ಜಸ್ಟ್ ಮಾಡಿಕೋ ಎಂದ.

ಯಕ್ಷಿತಾ ಹೊರಟ ದಿನ ಮಧ್ಯಾಹ್ನ ನಮಿತಾ ಅನ್ನ ಕಲಸುವುದಕ್ಕೆ ಚಮಚ ತೆಗೆದುಕೊಂಡಳು. ಶೀಲಾವತಿ ಚಮಚ ನೋಡಿದರು, ಸೊಸೆಯ ಮುಖ ನೋಡಿದರು, ಬಾಯಿ ತೆರೆದರು. ಸ್ಟೀಲು ಹಲ್ಲಿಗೆ ತಾಗಿ ಸದ್ದಾಯಿತು. ಅಂದಿನಿಂದ ಚಮಚವೇ.

ಯಕ್ಷಿತಾಳಿಗೆ ಹೆಣ್ಣುಮಗು ಹುಟ್ಟಿತು, ಸುಖವಾಗಿ. ದಿನಕ್ಕೊಂದು ಫೋಟೋ ಕಳಿಸುತ್ತಾಳೆ, ಬೇಬಿ ಮಾಮಿಯನ್ನು ಕೇಳುತ್ತಿದ್ದಾಳೆ ಎಂದು ಕೆಳಗೆ ಬರೆದಿರುತ್ತಾಳೆ. ನಮಿತಾ ಫೋಟೋ ನೋಡಿ ಫೋನನ್ನು ಕವುಚಿ ಇಡುತ್ತಾಳೆ. ಠಾಣೆಗೆ ಹೋಗಿ ಬರೋಣ ಎಂದು ಸಂದೀಪ ಕರೆದಾಗಲೆಲ್ಲ, ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಬರುವುದು ಹೇಗೆ ಎನ್ನುತ್ತಾಳೆ.